ಒಂದು ಅಗುಳು ಉಕ್ಕು

2017ರಲ್ಲಿ ಜರ್ಮನಿಯ ಆಖೆನ್ ನಗರದ ಜನರಿಗೆ ಮುಂಜಾಗ್ರತೆಗೆಂದು ಅಯೋಡಿನ್ ಮಾತ್ರೆ ಹಂಚಿದರು. ಅದಕ್ಕೆ ಕಾರಣ ಗಡಿಯಾಚೆ, ಸುಮಾರು 65 ಕಿ.ಮೀ. ದೂರದಲ್ಲಿದ್ದ ಬೆಲ್ಜಿಯಂನ ತಿಯಾಂಜ್ ಅಣು ವಿದ್ಯುತ್ ಸ್ಥಾವರ. ಅದರ ಉಕ್ಕಿನ ಪಾತ್ರೆಯ ಬಗ್ಗೆ ಜನರಿಗೆ ಭಯವಿತ್ತು. ಈ ಸೀಮೆಯಲ್ಲಿ ಓದಲು ಬಂದಿರುವ ನಮಗೂ ಆ ಕಥೆ ಗೊತ್ತಿರಬೇಕಲ್ವಾ?

ಇಂಥ ರಿಯಾಕ್ಟರ್‌ಗಳಲ್ಲಿ ಇಂಧನ ಇರುವುದು ಸುಮಾರು 20 ಸೆಂ.ಮೀ. ದಪ್ಪದ ಉಕ್ಕಿನ ಪಾತ್ರೆಯೊಳಗೆ. ನ್ಯೂಟ್ರಾನ್‌ಗಳು ಅದನ್ನು ವರ್ಷಗಟ್ಟಲೆ ಬಡಿಯುತ್ತಲೇ ಇರುತ್ತವೆ. ಏಟು ಬಿದ್ದ ಕಡೆ ಕಬ್ಬಿಣದ ಪರಮಾಣುಗಳು ಜಾಗ ತಪ್ಪುತ್ತವೆ. ಉಕ್ಕಿನಲ್ಲಿರುವ ತಾಮ್ರದಂಥ ಕಲ್ಮಶಗಳು ಪುಟ್ಟ ಪುಟ್ಟ ಗುಂಪು ಕಟ್ಟುತ್ತವೆ. ಬಾಗಬೇಕಾದ ಉಕ್ಕು ಪೆಡಸಾಗುತ್ತದೆ. ಅಪಾಯದ ಹೊತ್ತಲ್ಲಿ ಒಳಗೆ ತಣ್ಣೀರು ನುಗ್ಗಿಸಿದರೆ, ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಸುರಿದ ಹಾಗೆ ಬಿರುಕು ಬಿಡುವ ಭಯ. ಈ ಪಾತ್ರೆಯನ್ನು ಬದಲಾಯಿಸುವ ರೂಢಿಯಿಲ್ಲ. ನಮ್ಮ ಕೈಗಾದ ರಿಯಾಕ್ಟರ್‌ಗಳ ವಿನ್ಯಾಸವೇ ಬೇರೆ: ಅಲ್ಲಿ ಇಂಧನ ಇರುವುದು ಕೊಳವೆಗಳಲ್ಲಿ, ಆ ಕೊಳವೆಗಳನ್ನು ಬದಲಿಸಬಹುದು.

ಹಾಗಾದರೆ ಉಕ್ಕಿನ ಮುಂದಿನ ಗತಿ ತಿಳಿಯೋದು ಹೇಗೆ? ಅನ್ನ ಬೆಂದಿದೆಯಾ ಅಂತ ನಾವು ಒಂದು ಅಗುಳು ಹಿಸುಕಿ ನೋಡ್ತೀವಲ್ಲ, ಹಾಗೆಯೇ. ಇಲ್ಲಿನ ಅಗುಳು 55 ಮಿ.ಮೀ. ಉದ್ದ, 10 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಉಕ್ಕಿನ ತುಂಡು. ಅದರ ನಡುವೆ 2 ಮಿ.ಮೀ. ಆಳದ ಗೀರು. ಬೆಲ್ಜಿಯಂನ ಮೊಲ್ ಊರಿನ ಬಿಆರ್2 ಸಂಶೋಧನಾ ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್‌ಗಳ ಮಳೆ ಎಷ್ಟು ಜೋರೆಂದರೆ, ಸ್ಥಾವರದಲ್ಲಿ ದಶಕಗಳಲ್ಲಿ ಬೀಳುವ ಏಟು ಕೆಲವೇ ವಾರಗಳಲ್ಲಿ ಬಿದ್ದುಬಿಡುತ್ತದೆ. ಉಷ್ಣಾಂಶವನ್ನೂ ಸ್ಥಾವರದಷ್ಟೇ, ಸುಮಾರು 290 ಡಿಗ್ರಿಯಲ್ಲಿ, ಇಡಬೇಕು. ಹೆಚ್ಚು ಬಿಸಿಯಾದರೆ ಉಕ್ಕಿನ ಗಾಯ ತಾನೇ ಮಾಯತೊಡಗುತ್ತದೆ, ಲೆಕ್ಕ ತಪ್ಪುತ್ತದೆ. ಆಮೇಲೆ ದಪ್ಪ ಗೋಡೆಯ ಕೋಣೆಯೊಳಗೆ, ಯಂತ್ರದ ಕೈಗಳಿಂದ ತುಂಡನ್ನಿಟ್ಟು, ತೂಗುವ ಸುತ್ತಿಗೆಯಿಂದ ಒಂದೇ ಏಟಿಗೆ ಮುರಿಯುತ್ತಾರೆ. ಮುರಿಯಲು ಎಷ್ಟು ಶಕ್ತಿ ಬೇಕಾಯ್ತು ಅನ್ನುವುದೇ ಉತ್ತರ. ಬೇರೆ ಬೇರೆ ಉಷ್ಣಾಂಶದಲ್ಲಿ ಹೀಗೆ ಮುರಿದು ನೋಡಿದರೆ, ಎಷ್ಟು ತಣ್ಣಗಾದಾಗ ಉಕ್ಕು ಪೆಡಸಾಗುತ್ತದೆ ಅಂತ ತಿಳಿಯುತ್ತದೆ.

2012ರಲ್ಲಿ ಡೂಲ್ 3 ಮತ್ತು ತಿಯಾಂಜ್ 2 ರಿಯಾಕ್ಟರ್‌ಗಳ ಪಾತ್ರೆಯ ಗೋಡೆಯೊಳಗೆ ಸಾವಿರಾರು ಸಣ್ಣ ಬಿರುಕುಗಳು ಕಂಡವು. ತಯಾರಿಕೆಯ ಕಾಲದಲ್ಲಿ ಉಕ್ಕಿನೊಳಗೆ ಉಳಿದ ಹೈಡ್ರೋಜನ್ ಅವಕ್ಕೆ ಕಾರಣ. ಬಿರುಕಿರುವ ಉಕ್ಕು ನ್ಯೂಟ್ರಾನ್ ಏಟಿಗೆ ಹೇಗೆ ವರ್ತಿಸುತ್ತದೆ? ಪಾತ್ರೆಯನ್ನೇ ಕೊಯ್ದು ನೋಡುವಂತಿಲ್ಲ. ಅದಕ್ಕೇ ಅಂಥದ್ದೇ ಬಿರುಕಿದ್ದ, ಬೇರೊಂದು ಯಂತ್ರಭಾಗದ ಉಕ್ಕನ್ನು ಬಿಆರ್2ಗೆ ಹಾಕಿದರು. ಅಂದರೆ, ಅಗುಳು ಅದೇ ಪಾತ್ರೆಯದಲ್ಲ!

ಆ ತುಂಡುಗಳು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಪೆಡಸಾದವು. 2014ರ ಮಾರ್ಚ್‌ನಲ್ಲಿ ಎರಡೂ ರಿಯಾಕ್ಟರ್‌ಗಳನ್ನು ನಿಲ್ಲಿಸಿದರು. ಬಿರುಕಿದ್ದ ಇನ್ನೊಂದು ಜರ್ಮನ್ ಉಕ್ಕನ್ನು ಪರೀಕ್ಷಿಸಿದಾಗ ಅದು ಹಾಗೆ ವರ್ತಿಸಲಿಲ್ಲ. ಆದ್ದರಿಂದ ಬಿರುಕೇ ಕಾರಣ ಎನ್ನುವಂತಿರಲಿಲ್ಲ. ಆದರೂ ಮೊದಲ ತುಂಡಿನ ಕೆಟ್ಟ ಫಲಿತಾಂಶವನ್ನು ತಳ್ಳಿಹಾಕದೆ, ಸುರಕ್ಷತೆಯ ಲೆಕ್ಕದೊಳಗೆ ಸೇರಿಸಿಕೊಂಡರು. 2015ರ ನವೆಂಬರ್‌ನಲ್ಲಿ ಮತ್ತೆ ಶುರು ಮಾಡಲು ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತು. ಡೂಲ್ 3 ಶಾಶ್ವತವಾಗಿ ನಿಂತಿದ್ದು 2022ರಲ್ಲಿ, ತಿಯಾಂಜ್ 2 ನಿಂತಿದ್ದು 2023ರಲ್ಲಿ. ಅದು ಆ ದೇಶದ ಅಣುಶಕ್ತಿ ಕಾನೂನಿನ ಪ್ರಕಾರ.

ಲ್ಯಾಬ್‌ನಲ್ಲಿ ನಾವೂ ದಿನಾ ಸ್ಯಾಂಪಲ್ ಮುರೀತೀವಿ. ಒಂದು ರೀಡಿಂಗ್ ಉಳಿದವುಗಳ ಜೊತೆ ಹೊಂದದಿದ್ದರೆ ಅಳಿಸಿಹಾಕುವ ಆಸೆ ಯಾರಿಗಿಲ್ಲ? ಅಳಿಸುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಈ ಅಗುಳು ಯಾವ ಪಾತ್ರೆಯದು? ಇದು ಹೇಳುತ್ತಿರುವುದೇ ನಿಜವಾದರೆ ಏನಾಗುತ್ತದೆ?