ಹೊಸೂರಿನ ಹುಡುಗರ ರೆಸ್ಯೂಮ್‌ನಲ್ಲಿ ಹೊಸೂರೇ ಇರುವುದಿಲ್ಲ

ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಗೆ ಕಡೆಯ ಸಾಫ್ಟ್‌ವೇರ್ ಹುಡುಗ ಹುಡುಗಿಯರ ರೆಸ್ಯೂಮ್‌ಗಳು ನನ್ನ ವಾಟ್ಸಾಪ್‌ಗೆ ಬಂದು ಬೀಳುತ್ತಲೇ ಇರುತ್ತವೆ. ಜೊತೆಗೆ ‘ಅಕ್ಕಾ, ಒಂದ್ಸಲ ನೋಡಿ ಹೇಳಿ’ ಎಂಬ ಒಂದು ಸಾಲು. ನಾನು ಹೊಸೂರಿನಲ್ಲಿದ್ದುಕೊಂಡು ಜೂಜುವಾಡಿ, ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವವಳು. ಆಫೀಸಿನಲ್ಲಿ ಡೆವಲಪರ್‌ಗಳ ಇಂಟರ್‌ವ್ಯೂ ಮಾಡುವುದೂ ನನ್ನ ಕೆಲಸವೇ. ಅಲ್ಲಿ ಬರುವ ರೆಸ್ಯೂಮ್‌ಗಳನ್ನು ಓದಿ ಸುಮ್ಮನಾಗುತ್ತೇನೆ. ನಮ್ಮೂರಿನವರದು ಬಂದಾಗ ಸಿಟ್ಟು ಬರುತ್ತದೆ. ಹೆಸರು ಮುಚ್ಚಿಬಿಟ್ಟರೆ ಯಾರದ್ದು ಯಾವುದೆಂದು ಹೆತ್ತವರಿಗೂ ಗೊತ್ತಾಗದು. ಜಾವಾ, ಸ್ಪ್ರಿಂಗ್ ಬೂಟ್, ರಿಯಾಕ್ಟ್, ಕಷ್ಟಪಟ್ಟು ದುಡಿಯುವ ಸ್ವಭಾವ, ಕ್ರಿಕೆಟ್ ಹವ್ಯಾಸ. ಪ್ರಾಜೆಕ್ಟ್ ಎಂದರೆ ಯೂಟ್ಯೂಬ್ ನೋಡಿ ಕಟ್ಟಿದ ನೆಟ್‌ಫ್ಲಿಕ್ಸ್ ನಕಲು.

ಕೈತುಂಬ ಕೆಲಸಗಳಿದ್ದ ಕಾಲಕ್ಕೆ ಇದೂ ನಡೆಯುತ್ತಿತ್ತು. ಈಗ ನಡೆಯುವುದಿಲ್ಲ. 2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು ತೆಗೆಯಿತು, ಎರಡೇ ತಿಂಗಳಲ್ಲಿ ಗೂಗಲ್ 12,000 ಎಂದಿತು. ಕೊನೆಗೆ 2025ರ ಜುಲೈನಲ್ಲಿ, ಸರ್ಕಾರಿ ನೌಕರಿಯಷ್ಟೇ ಭದ್ರ ಎಂದು ನಮ್ಮ ಕಡೆ ಹೆಣ್ಣು ಕೊಡುತ್ತಿದ್ದ ಟಿಸಿಎಸ್ ಕೂಡ ತನ್ನ ಶೇಕಡ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಬಿಡುವುದಾಗಿ ಹೇಳಿತು. ಹೀಗೆ ಹೊರಬಿದ್ದ ಅನುಭವಸ್ಥರೂ ಈಗ ತಾನೇ ಕಾಲೇಜು ಮುಗಿಸಿದವರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಸಾಲದ್ದಕ್ಕೆ ಚಾಟ್‌ಜಿಪಿಟಿ. ಕೇಳಿದವರಿಗೆಲ್ಲ ಅದು ಒಂದೇ ಬಗೆಯ ನುಣುಪು ಇಂಗ್ಲಿಷ್ ಬರೆದುಕೊಡುತ್ತದೆ.

ಡೆಂಕಣಿಕೋಟೆ ಹತ್ತಿರದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದಾನೆ. ಅವನ ರೆಸ್ಯೂಮ್‌ನಲ್ಲಿ ಆ ಕಂಪನಿಗೆ ಸಿಕ್ಕಿದ್ದು ಒಂದೇ ಸಾಲು: ಜಾವಾ ಮತ್ತು ಮೈಎಸ್‌ಕ್ಯೂಎಲ್ ಬಳಸಿ ವೆಬ್ ಅಪ್ಲಿಕೇಶನ್ ಅಭಿವೃದ್ಧಿಪಡಿಸುವ ಜವಾಬ್ದಾರಿ. ‘ಅಲ್ಲಿ ಏನಪ್ಪಾ ಮಾಡ್ತೀಯ?’ ಎಂದು ಕೇಳಿದೆ. ‘ಅದೇನಿಲ್ಲಕ್ಕ, ಡಬ್ಬಕ್ಕೆ ಅಂಟಿಸೋ ಲೇಬಲ್ ಪ್ರಿಂಟ್ ಆಗೋ ಸಾಫ್ಟ್‌ವೇರು. ಫ್ಯಾಕ್ಟರಿ ಕೆಲಸ, ಐಟಿ ಅಲ್ಲ’ ಅಂದ.

ಅಷ್ಟಕ್ಕೇ ಬಿಡಲಿಲ್ಲ. ಬಿಡಿಸಿ ಕೇಳುತ್ತ ಹೋದಂತೆ ಹೊರಬಂದದ್ದು ಇದು. ಪ್ರತಿ ಡಬ್ಬಕ್ಕೂ ಬಾರ್‌ಕೋಡ್ ಇರುವ ಕ್ರಮಸಂಖ್ಯೆ ಬೇಕು. ಒಂದೇ ಸಂಖ್ಯೆ ಎರಡು ಡಬ್ಬಕ್ಕೆ ಬಿದ್ದರೆ ಮಾಲು ಕೊಳ್ಳುವ ದೊಡ್ಡ ಕಂಪನಿ ಲಾರಿಯನ್ನೇ ವಾಪಸು ಕಳಿಸುತ್ತದೆ. ಕಾರ್ಖಾನೆಯೊಳಗೆ ನೆಟ್‌ವರ್ಕ್ ಆಗಾಗ ಹೋಗುತ್ತದೆ, ಲೈನ್ ಮಾತ್ರ ನಿಲ್ಲಬಾರದು. ಇವನು ಪ್ರತಿ ಯಂತ್ರಕ್ಕೂ ಸಂಖ್ಯೆಗಳ ಒಂದೊಂದು ಕಂತೆಯನ್ನು ಮೊದಲೇ ಕೊಟ್ಟಿಟ್ಟು, ನೆಟ್‌ವರ್ಕ್ ಇಲ್ಲದಾಗ ಅಲ್ಲೇ ಬರೆದಿಟ್ಟುಕೊಂಡು, ಬಂದಮೇಲೆ ಸರ್ವರ್‌ಗೆ ಒಪ್ಪಿಸುವಂತೆ ಮಾಡಿದ್ದ. ಅದೇ ದಾಖಲೆ ಎರಡು ಸಲ ಬಂದರೂ ಸರ್ವರ್ ಒಂದೇ ಸಲ ಲೆಕ್ಕಕ್ಕೆ ಹಿಡಿಯುತ್ತದೆ. ಹಣ ಪಾವತಿಯ ಆ್ಯಪ್‌ಗಳಲ್ಲಿ ಒಂದೇ ಮೊತ್ತ ಎರಡು ಸಲ ಕಡಿತವಾಗದಂತೆ ತಡೆಯುವುದೂ ಇದೇ ಉಪಾಯ. ಬೆಂಗಳೂರಿನ ಇಂಟರ್‌ವ್ಯೂಗಳಲ್ಲಿ ಬೋರ್ಡಿನ ಮೇಲೆ ಬಿಡಿಸಿ ಕೇಳುವ ಪ್ರಶ್ನೆಯನ್ನು ಇವನು ಎಣ್ಣೆ ಮೆತ್ತಿದ ಪ್ರಿಂಟರ್ ಪಕ್ಕ ನಿಂತು ಬಿಡಿಸಿದ್ದಾನೆ. ಬರೆದಿರುವುದು ‘ಜವಾಬ್ದಾರಿ’!

ಒಂದು ಸಾಲನ್ನು ನಾಲ್ಕು ಸಾಲು ಮಾಡಿಸಿದೆ. ತೊಂದರೆ ಏನಿತ್ತು, ಇವನು ಏನು ಕಟ್ಟಿದ, ಯಾವುದರಲ್ಲಿ ಕಟ್ಟಿದ, ಆಮೇಲೆ ಏನು ಬದಲಾಯಿತು. ಅವನ ಗೆಳೆಯನೊಬ್ಬ ‘ಶೇಕಡ 40 ವೇಗ ಹೆಚ್ಚಿಸಿದೆ ಅಂತ ಹಾಕು’ ಎಂದು ಬುದ್ಧಿ ಹೇಳಿದ್ದನಂತೆ. ಅಂಥ ಸಂಖ್ಯೆ ಕಂಡರೆ ನಾನು ಕೇಳುವ ಮೊದಲ ಪ್ರಶ್ನೆಯೇ ‘ಹೇಗೆ ಅಳೆದಿರಿ?’ ಅಲ್ಲಿಗೆ ಮುಗಿಯಿತು. ಪಾಳಿ ಬದಲಾಗುವಾಗ ಮೊದಲು ಕೈಯಲ್ಲಿ ಎಣಿಸಿ ಬರೆಯುತ್ತಿದ್ದರು, ಈಗ ಎಣಿಸುವುದಿಲ್ಲ ಎಂದು ಬರೆದರೆ ಸಾಕು. ಅದು ನಿಜ, ಎಷ್ಟು ಕೆದಕಿದರೂ ನಿಲ್ಲುತ್ತದೆ.

ಇದು ಇವನೊಬ್ಬನ ಕಥೆಯಲ್ಲ. 1980ರ ಆಸುಪಾಸಿನಿಂದ ಹೊಸೂರಿನಲ್ಲಿ ಟಿವಿಎಸ್ ಇದೆ, ಅಶೋಕ್ ಲೇಲ್ಯಾಂಡ್ ಇದೆ, ಆ ದಶಕದಲ್ಲೇ ಟೈಟಾನ್ ಬಂತು. ಈಗ ಐಫೋನ್ ಭಾಗಗಳನ್ನು ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್, ಅತ್ತ ಪೋಚಂಪಳ್ಳಿಯಲ್ಲಿ ಓಲಾದ ವಿದ್ಯುತ್ ಸ್ಕೂಟರ್. ಇವುಗಳಿಗೆ ಮಾಲು ಕೊಡುವ ಸಣ್ಣ ಕಾರ್ಖಾನೆಗಳಲ್ಲೂ ದಾಸ್ತಾನು, ಲೇಬಲ್, ಯಂತ್ರದ ದತ್ತಾಂಶ ಎಂದು ಸಾಫ್ಟ್‌ವೇರ್ ಇದ್ದೇ ಇದೆ. ಬಾಗಲೂರು ಕಡೆಯ ಹುಡುಗಿಯೊಬ್ಬಳು ಅಪ್ಪನ ಗುಲಾಬಿ ಹಸಿರುಮನೆಯ ಲೆಕ್ಕಕ್ಕೆ ಆ್ಯಪ್ ಮಾಡಿಕೊಟ್ಟಿದ್ದಾಳೆ. ಫೆಬ್ರುವರಿಯಲ್ಲಿ ಪ್ರೇಮಿಗಳ ದಿನ ಹತ್ತಿರವಾದಾಗ ಬೆಲೆ ದಿನದಿನಕ್ಕೆ ಏರಿಳಿಯುವುದನ್ನೂ ಅದು ಹಿಡಿದಿಡುತ್ತದೆ. ರೆಸ್ಯೂಮ್‌ನಲ್ಲಿ ಅದಿಲ್ಲ, ನೆಟ್‌ಫ್ಲಿಕ್ಸ್ ನಕಲು ಇದೆ. ಹಳ್ಳಿಯ ಕೆಲಸ ಎಂದು ನಾಚಿಕೆ ಇರಬೇಕು. ಆದರೆ ಆ ಆ್ಯಪ್ ಬಳಸುವವನೊಬ್ಬ ನಿಜವಾಗಿ ಇದ್ದಾನೆ, ತಪ್ಪಾದರೆ ಸಂಜೆ ಮನೆಗೆ ಬಂದು ಬೈಯುತ್ತಾನೆ. ನಕಲು ಪ್ರಾಜೆಕ್ಟಿಗೆ ಬೈಯುವವರು ಯಾರು?

ಇನ್ನು ರೂಪದ ಮಾತು, ಬೇಗ ಮುಗಿಸುತ್ತೇನೆ. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮ್ ಸಾಮಾನ್ಯವಾಗಿ ಮನುಷ್ಯನಿಗಿಂತ ಮೊದಲು ತಂತ್ರಾಂಶದ ಕೈಗೆ ಹೋಗುತ್ತದೆ. ಎರಡು ಕಾಲಂ, ಬಣ್ಣದ ಪಟ್ಟಿ, ಜಾವಾಕ್ಕೆ ನಾಲ್ಕು ನಕ್ಷತ್ರ, ಇವೆಲ್ಲ ಅದಕ್ಕೆ ಗೋಜಲಾಗಬಹುದು. ಪಿಡಿಎಫ್‌ನ ಅಕ್ಷರಗಳನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಅಲ್ಲಿ ಕಲಸುಮೇಲೋಗರವಾದರೆ ತಂತ್ರಾಂಶಕ್ಕೂ ಹಾಗೆಯೇ ಕಾಣುವ ಸಂಭವ ಹೆಚ್ಚು. ತಂದೆಯ ಹೆಸರು, ಮದುವೆಯ ವಿಷಯ, ಆಧಾರ್ ಸಂಖ್ಯೆ, ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ ಯಾವುದೂ ಬೇಡ. ಅದು ಜಾತಕ ಕೊಡುವ ಜಾಗವಲ್ಲ. ಸುಳ್ಳು ಅನುಭವ ಪತ್ರ ಮಾಡಿಕೊಡುವವರು ಸಿಗುತ್ತಾರೆ, ಗೊತ್ತು. ಆದರೆ ಭವಿಷ್ಯನಿಧಿಯ ಯುಎಎನ್ ಖಾತೆಯಲ್ಲಿ ಯಾವ ಕಂಪನಿ, ಎಂದು ಸೇರಿದ್ದು, ಎಂದು ಬಿಟ್ಟದ್ದು ಎಲ್ಲ ಇರುತ್ತದೆ. ಹಿನ್ನೆಲೆ ತಪಾಸಣೆಯವರು ಅದನ್ನೇ ತೆಗೆದು ನೋಡುತ್ತಾರೆ. ಆರು ತಿಂಗಳು ಕೆಲಸವಿರಲಿಲ್ಲವೆಂದರೆ ಇರಲಿಲ್ಲ, ಅಷ್ಟೇ. ಅದಕ್ಕೆ ನಾನಂತೂ ಮುಖ ಸಿಂಡರಿಸುವುದಿಲ್ಲ.

ಭಾಷೆಗಳ ವಿಷಯಕ್ಕೆ ನಮ್ಮ ಲೇಬಲ್ ಹುಡುಗ ಹಟ ಹಿಡಿದ. ಕನ್ನಡ, ತಮಿಳು, ತೆಲುಗು ಬರೆದರೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಳ್ಳುತ್ತಾರೆ ಎಂಬ ಭಯ. ಅವನ ಕಾರ್ಖಾನೆಯಲ್ಲಿ ಆಪರೇಟರ್ ತಮಿಳು, ಸೂಪರ್‌ವೈಸರ್ ತೆಲುಗು, ಸ್ಟೋರಿನವರು ಕನ್ನಡ. ಮೂರೂ ಕಡೆಯ ದೂರು ಕೇಳಿಯೇ ಆ ಸಾಫ್ಟ್‌ವೇರ್ ನೆಟ್ಟಗಾದದ್ದು. ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾರುವ ಕಂಪನಿಗೆ ಅಂಥವನೇ ಬೇಕು. ಹಾಗಾಗಿ ಅದನ್ನು ಕೊನೆಯ ‘ವೈಯಕ್ತಿಕ ವಿವರ’ದಿಂದ ಎತ್ತಿ ಆ ನಾಲ್ಕು ಸಾಲಿನ ಕೆಳಗೇ ಹಾಕಿಸಿದೆ.

ಮೊದಲ ಇಂಟರ್‌ವ್ಯೂನಲ್ಲಿ ಅರ್ಧ ಹೊತ್ತು ಲೇಬಲ್ ಕಥೆಯೇ ನಡೆಯಿತಂತೆ. ‘ಮಧ್ಯದಲ್ಲಿ ಕಾಗದ ಮುಗಿದರೆ ಆ ಸಂಖ್ಯೆ ಏನಾಗುತ್ತೆ?’ ಎಂದೂ ಕೇಳಿದರಂತೆ. ಹೇಳಿದ್ದಾನೆ. ಆದರೂ ಕೆಲಸ ಆಗಲಿಲ್ಲ. ಅವರಿಗೆ ಹದಿನೈದು ದಿನದಲ್ಲಿ ಸೇರುವವರು ಬೇಕಿತ್ತು, ಇವನ ನೋಟಿಸ್ ಅವಧಿ ಮೂರು ತಿಂಗಳು. ಈಗ ಅದನ್ನೂ ಫೋನ್ ನಂಬರಿನ ಪಕ್ಕದಲ್ಲೇ ಹಾಕಿಕೊಂಡಿದ್ದಾನೆ. ಮುಂದಿನ ಮಂಗಳವಾರ ಇನ್ನೊಂದು ಕಡೆ ಕರೆದಿದ್ದಾರೆ.