ತಾಮ್ರಪಟ ಮತ್ತು ತಮಟೆ

ಕೋಲಾರ ತಾಲ್ಲೂಕಿನ ವಕ್ಕಲೇರಿಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಕಾಣಿಸುವುದು ಅಲ್ಲಿ ದೊರೆತ ತಾಮ್ರಪಟಗಳಿಂದ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಹೊರಡಿಸಿದ ದಾನಶಾಸನ ಅದು. ಇಂಥ ಶಾಸನಗಳಲ್ಲಿ ಅರಸನ ವಂಶ, ಗೆಲುವು, ದಾನದ ವಿವರ ಸಿಗುತ್ತವೆ. ಆ ನೆಲವನ್ನು ಉತ್ತವರ ಹೆಸರು ಹುಡುಕಿದರೆ ನಿರಾಶೆಯೇ ಗತಿ.

ಹೆಸರಿಲ್ಲದ ಆ ಜನರನ್ನೇ ಶೀರ್ಷಿಕೆಗೆ ತಂದ ಪುಸ್ತಕ ‘ಹೊಲೆಮಾದಿಗರ ಹಾಡು’. 1975ರಲ್ಲಿ ಬಂದ ಇದು ಸಿದ್ಧಲಿಂಗಯ್ಯನವರ ಮೊದಲ ಸಂಕಲನ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿಗೆ ಆಗ ಇಪ್ಪತ್ತೊಂದರ ಪ್ರಾಯ. ಅದಕ್ಕೆ ಎರಡು ವರ್ಷ ಮೊದಲು, 1973ರಲ್ಲಿ, ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದ ಸಚಿವ ಬಿ. ಬಸವಲಿಂಗಪ್ಪ ಅಧಿಕಾರ ಕಳೆದುಕೊಂಡಿದ್ದರು. ಹಾಗಾದರೆ ಬೂಸಾ ಅಲ್ಲದ್ದು ಯಾವುದು? ಈ ಪುಸ್ತಕ ಆ ಪ್ರಶ್ನೆಗೆ ಉತ್ತರದಂತಿತ್ತು.

ಅರ್ಧ ಶತಮಾನ ಕಳೆದರೂ ಅದು ಹಳತಾಗಿಲ್ಲವೇಕೆ? ಮೊದಲ ಕಾರಣ ಭಾಷೆ. ‘ನನ್ನ ಜನಗಳು’ ಪದ್ಯವನ್ನೇ ನೋಡಿ. ಜನ ಪಟ್ಟ ಪಾಡನ್ನು ಒಂದೊಂದು ಸಾಲಿನಲ್ಲಿ, ಆಡುಮಾತಿನಲ್ಲೇ ಹೇಳುತ್ತ ಹೋಗಿ ಕವಿ ಮತ್ತೆ ಮತ್ತೆ ಅದೇ ಪಲ್ಲವಿಗೆ ಮರಳುತ್ತಾರೆ. ಓದು ಬಾರದವರೂ ಎರಡು ಸಲ ಕೇಳಿ ದನಿಗೂಡಿಸಬಹುದು. ಎರಡನೆಯದು ಲಯ. ಸಾಲುಗಳು ತಮಟೆಯ ಪೆಟ್ಟಿಗೆ ಹೊಂದುತ್ತವೆ. ಸಾವಿಗೂ ಜಾತ್ರೆಗೂ ಬಿಟ್ಟಿಯಾಗಿ ಬಡಿಯಬೇಕಿದ್ದ ವಾದ್ಯ, ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಹಕ್ಕಿನ ದನಿಯಾಯಿತು. ಚಳವಳಿ ಗಟ್ಟಿಯಾಗಿ ಬೇರೂರಿದ್ದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಪಿಚ್ಚಳ್ಳಿ ಶ್ರೀನಿವಾಸರಂಥ ಗಾಯಕರು ಹೋರಾಟದ ಹಾಡನ್ನು ಊರೂರಿಗೆ ಒಯ್ದರು. ಕೋಟಿಗಾನಹಳ್ಳಿ ರಾಮಯ್ಯನವರ ‘ಆದಿಮ’ ತೇರಹಳ್ಳಿ ಬೆಟ್ಟದ ಮೇಲೆ ಹುಣ್ಣಿಮೆ ಹಾಡಿನ ಪರಿಪಾಠವನ್ನೇ ಬೆಳೆಸಿತು.

ಸಾಗರದಾಚೆಯೂ ಇದಕ್ಕೊಂದು ಹೋಲಿಕೆಯುಂಟು. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್ ವಸತಿ ಸಮುಚ್ಚಯದಲ್ಲಿ ಬೆಳೆದ ನ್ಯಾಸ್ 1994ರಲ್ಲಿ, ಇಪ್ಪತ್ತರ ಹರೆಯದಲ್ಲಿ, ‘ಇಲ್‌ಮ್ಯಾಟಿಕ್’ ಎಂಬ ತನ್ನ ಮೊದಲ ಹಿಪ್‌ಹಾಪ್ ಆಲ್ಬಂ ತಂದ. ತನ್ನ ಕೇರಿಯ ಬದುಕನ್ನು ಕೇರಿಯ ಮಾತಿನಲ್ಲೇ ಹೇಳಿದ ಆ ಆಲ್ಬಂ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಯಲ್ಲಿದೆ. ಇಬ್ಬರೂ ಪರರ ಮೆಚ್ಚುಗೆಗಾಗಿ ಮಾತನ್ನು ತಿದ್ದಿಕೊಳ್ಳಲಿಲ್ಲ. ಮೊದಲ ಕೃತಿಗಿರುವ ಬಲವೇ ಅದು.

ಮುಂದೆ ಸಿದ್ಧಲಿಂಗಯ್ಯನವರ ದನಿ ಮೆದುವಾಯಿತು. ಸಿಟ್ಟಿನ ಜಾಗಕ್ಕೆ ನಗೆ ಬಂತು. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಕವಿ ಬದಲಾದರೆಂದು ಆಕ್ಷೇಪಿಸಿದವರೂ ಅವರ ಹಳೆಯ ಹಾಡುಗಳನ್ನು ಬಿಡಲಿಲ್ಲ. 2021ರಲ್ಲಿ ಕೊರೊನಾ ಅವರನ್ನು ಕರೆದೊಯ್ದಾಗ ಜನ ನೆನೆದದ್ದೂ ಆ ಹಾಡುಗಳನ್ನೇ. ಹಿಂದೆ ಕೋಲಾರಕ್ಕೇ ಸೇರಿದ್ದ ಶಿಡ್ಲಘಟ್ಟ ತಾಲ್ಲೂಕಿನ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ವಾದ್ಯಕ್ಕೆ ಮಾನ ಸಿಕ್ಕಿತು, ಸಂತೋಷ. ಆದರೆ ಹಸಿವು, ಹೊಡೆತ, ಅವಮಾನಗಳ ಹಾಡು ಇಂದಿಗೂ ತನ್ನದೇ ಎಂದು ಕೇಳುಗನಿಗೆ ಅನ್ನಿಸಿದರೆ, ಅದು ಕಾವ್ಯದ ಗೆಲುವಷ್ಟೇ ಅಲ್ಲ, ಊರಿನ ಸೋಲೂ ಹೌದು. ತಾಮ್ರಪಟ ಉಳಿದದ್ದು ಮಣ್ಣಿನಲ್ಲಿ ಹುದುಗಿ. ಈ ಹಾಡು ಉಳಿದಿರುವುದು ಹಾಡುವ ಅಗತ್ಯ ಇನ್ನೂ ತೀರದೆ.