ಗಟ್ಟಿ ತುಪ್ಪದ ಸಾಬೂನು ಕೈಕೊಟ್ಟಾಗ

ಉತ್ತರ ಕನ್ನಡದಲ್ಲಿ ಮುರುಗಲು (ಕೋಕಂ) ಬೀಜದ ತುಪ್ಪವೆಂದರೆ ಒಡೆದ ಹಿಮ್ಮಡಿಗೆ ಹಚ್ಚುವ ಮದ್ದು. ಈಗ ಅದು ಮನೆಯಲ್ಲಿ ಸಾಬೂನು ಮಾಡುವವರ ಪಾತ್ರೆಗೂ ಇಳಿದಿದೆ. ಬಿಲ್ಲೆ ಗಟ್ಟಿಯಾಗುತ್ತದೆ, ಬೇಗ ಸವೆಯುವುದಿಲ್ಲ. ಆದರೆ ಈ ತುಪ್ಪದ ಹಠವೇನೂ ಕಡಿಮೆಯಲ್ಲ.

ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲವಿರುವ ಇದು ಕರಗುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಣ್ಣಗಾದ ಕಾಸ್ಟಿಕ್ ಸೋಡಾ ದ್ರಾವಣ ಬಿದ್ದೊಡನೆ ಮಿಶ್ರಣ ದಪ್ಪಗಾಗುತ್ತದೆ. ಸಾಬೂನು ಆಯಿತೆಂದು ಹಿಗ್ಗಿ ಅಚ್ಚಿಗೆ ಸುರಿದರೆ ಕೆಟ್ಟಿತು! ಅದು ಹೆಪ್ಪುಗಟ್ಟಿದ ಕೊಬ್ಬು ಅಷ್ಟೆ. ಅಚ್ಚಿನೊಳಗೆ ರಾಸಾಯನಿಕ ಕ್ರಿಯೆಯ ಶಾಖ ಏರಿದಾಗ ತುಪ್ಪ ಮತ್ತೆ ಕರಗಿ, ಎಣ್ಣೆಯೂ ಸೋಡಾ ನೀರೂ ಬೇರೆಬೇರೆಯಾಗಬಹುದು. ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕಲಕಿ ನೋಡಿ. ಮಿಶ್ರಣ ತೆಳುವಾದರೆ ಮೊದಲಿನ ಗಟ್ಟಿತನ ಹುಸಿ. ಬೆಚ್ಚಗಿದ್ದೂ ದಪ್ಪಗಾಗುವವರೆಗೆ ಕಲಕಬೇಕು.

ಬಿಲ್ಲೆಯಲ್ಲಿ ಕಾಣುವ ಬಿಳಿ ಚುಕ್ಕೆಗಳು ಹೆಚ್ಚಾಗಿ ಪೂರ್ತಿ ಕರಗದ ಕೊಬ್ಬಿನವು, ಅಂದಕ್ಕಷ್ಟೇ ಕುಂದು. ಕತ್ತರಿಸುವಾಗ ಪುಡಿಯಾದರೆ ಹೆಚ್ಚಾಗಿ ತಡಮಾಡಿದಿರಿ ಎಂದರ್ಥ.

ನಿಜವಾದ ಅಪಾಯವಿರುವುದು ಲೆಕ್ಕದಲ್ಲಿ. 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಷ್ಟೇ ಮುರುಗಲು ತುಪ್ಪಕ್ಕೆ 13–14 ಗ್ರಾಂ ಸಾಕು. ಎಣ್ಣೆಯ ಬದಲು ತುಪ್ಪ ಹಾಕಿ ಹಳೆಯ ಅಳತೆಯನ್ನೇ ಉಳಿಸಿಕೊಂಡರೆ, ಮಿಕ್ಕ ಸೋಡಾ ಚರ್ಮ ಸುಡುತ್ತದೆ. ಕೊರತೆಯ ಎಣ್ಣೆಯನ್ನು ತೂಗಿ ಸೇರಿಸಿ, ಸಣ್ಣ ಉರಿಯಲ್ಲಿ ಮತ್ತೆ ಬೇಯಿಸಿದರೆ ಆ ಸಾಬೂನನ್ನು ಉಳಿಸಿಕೊಳ್ಳಬಹುದು. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ. ಸೋಡಾ ಪಾತ್ರೆಯನ್ನೇ ತಿನ್ನುತ್ತದೆ.